ನನ್ನ ಮೊದಲನೇ ಸ್ನಾರ್ಕೆಲ್

ಹೋದ ಸಂಚಿಕೆಯಲ್ಲಿ ನಾನು ‘ನಮ್ಮ ಮನೆಯ ಹಸು’ ಎಂಬ ಪ್ರಬಂಧ ಬರೆದಿದ್ದೆ. ಅದನ್ನು ಓದಿದ ಕನ್ನಡ ಮೇಷ್ಟ್ರು, “ಹಸು ಹಾಲು ಕೊಡುತ್ತೆ ಅಂತ ಊರಿಗೆಲ್ಲ ಗೊತ್ತು ಕಣೋ. ನಿನಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ್ದು ಏನಾದರೂ ಬರಿ” ಅಂದರು. ಅಂಥದ್ದು ನನ್ನ ಹತ್ತಿರ ಒಂದೇ ಇದೆ. ಅದೇ ಸ್ನಾರ್ಕೆಲ್.

ಸ್ನಾರ್ಕೆಲ್ ಎಂದರೆ ಉಸಿರಾಡುವ ಕೊಳವೆ. ಒಂದು ತುದಿ ಬಾಯಲ್ಲಿ ಕಚ್ಚಿಕೊಳ್ಳಬೇಕು, ಇನ್ನೊಂದು ತುದಿ ತಲೆಯ ಪಕ್ಕದಲ್ಲಿ ನೀರಿನ ಮೇಲೆ ನಿಂತಿರುತ್ತದೆ. ಬೋರಲು ತೇಲುತ್ತಾ, ಮುಖ ನೀರಿನಲ್ಲಿ ಇಟ್ಟುಕೊಂಡೇ ಉಸಿರಾಡಿಕೊಂಡು ಕೆಳಗಿನ ಮೀನು ನೋಡಬಹುದು. ಈ ಹೆಸರು ಸರಿಯಾಗಿ ಹೇಳೋಕೆ ನನಗೇ ಎರಡು ದಿನ ಬೇಕಾಯ್ತು. ನಮ್ಮ ಅಜ್ಜಿ ಇವತ್ತಿಗೂ ‘ಸೊನ್ನೆಕಾಲು’ ಅಂತಾಳೆ.

ಅದನ್ನು ಹೇಗೆ ಆರಿಸಿದೆ ಅಂತ ಬರೆಯುವ ಮೊದಲು ಒಂದು ಮಾತು ಹೇಳಿಬಿಡಬೇಕು. ಶ್ರಾವಣದಲ್ಲಿ ನಾನು ಕ್ಲಾಸಿನಲ್ಲಿ, ತೋಟದ ತೊಟ್ಟಿಯ ತಳದಲ್ಲಿ ಪೈಪು ಕಚ್ಚಿಕೊಂಡು ಐದು ನಿಮಿಷ ಕೂತಿದ್ದೆ ಅಂತ ಹೇಳಿದ್ದೆನಲ್ಲ, ಅದು ಸುಳ್ಳು. ಐದು ನಿಮಿಷ ಅಲ್ಲ, ಒಂದು ಉಸಿರು ಕೂಡ ಕೂರಲಿಲ್ಲ. ಈಗ ಆರನೇ ಕ್ಲಾಸಿನ ಮೂರು ಜನ ಪೈಪು ಕೊಯ್ದು ಇಟ್ಟುಕೊಂಡಿದ್ದಾರೆ, ಚಾನಲ್ಲಿಗೆ ನೀರು ಬಿಟ್ಟ ಕೂಡಲೇ ಇಳಿಯುತ್ತಾರೆ ಅಂತ ನನ್ನ ತಮ್ಮ ಹೇಳಿದ. ಅವತ್ತಿನಿಂದ ರಾತ್ರಿ ನಿದ್ದೆ ಸರಿ ಬರುತ್ತಿಲ್ಲ. ಆ ಮೂರು ಜನ ದಯವಿಟ್ಟು ಇದನ್ನು ಪೂರ್ತಿ ಓದಿರಿ.

ಇದೆಲ್ಲ ಶುರುವಾಗಿದ್ದು ದುರ್ಯೋಧನನಿಂದ. ನಮ್ಮೂರಲ್ಲಿ ಆಡಿದ ಬಯಲಾಟದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ಕತೆ ಎಲ್ಲರೂ ನೋಡಿದ್ದೀರಿ. ರನ್ನ ಕವಿಯ ಗದಾಯುದ್ಧದಲ್ಲೂ ಆ ಕತೆ ಇದೆ ಎಂದು ಮೇಷ್ಟ್ರು ಹೇಳಿದ್ದರು. ಅವನಿಗೆ ಜಲಸ್ತಂಭನ ಮಂತ್ರ ಗೊತ್ತಿತ್ತು. ನನಗೆ ಮಂತ್ರ ಗೊತ್ತಿಲ್ಲ, ಆದರೆ ಪರಂಗಿ ಗಿಡ ಗೊತ್ತು. ಪರಂಗಿ ಎಲೆಯ ದಂಟು ಒಳಗೆ ಟೊಳ್ಳು. ಒಂದು ಗೇಣಿಗಿಂತ ಸ್ವಲ್ಪ ಉದ್ದ ಮುರಿದುಕೊಂಡು, ತೋಟದ ಕಾಲುವೆಯಲ್ಲಿ ಮೊಣಕಾಲುದ್ದ ನೀರಲ್ಲಿ ಬೋರಲು ಮಲಗಿ ಉಸಿರಾಡಿದೆ. ಆಯ್ತು! ಎಂಥ ಖುಷಿ ಅಂತೀರಿ. ದಂಟಿನ ಹಾಲು ತಾಗಿ ತುಟಿ ಮಾತ್ರ ಎರಡು ದಿನ ಉರಿಯಿತು. ಅವ್ವ ಕೇಳಿದಾಗ ಮೆಣಸಿನಕಾಯಿ ಬಜ್ಜಿ ತಿಂದೆ ಅಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸರಿ ಇರುತ್ತಿತ್ತು. ಒಂದು ಗೇಣು ದಂಟಿನಲ್ಲಿ ಒಂದು ಗೇಣು ಆಳಕ್ಕೆ ಹೋಗಬಹುದಾದರೆ, ಆರು ಅಡಿ ಪೈಪಿನಲ್ಲಿ ಆರು ಅಡಿ ಆಳಕ್ಕೆ ಹೋಗಬಹುದು ಅಂತ ನಾನು ತ್ರೈರಾಶಿ ಲೆಕ್ಕ ಹಾಕಿದೆ. ಲೆಕ್ಕದಲ್ಲಿ ತಪ್ಪು ಎಲ್ಲಿ ಅಂತ ಆಗ ಗೊತ್ತಾಗಲಿಲ್ಲ. ನೀವೇ ಯೋಚನೆ ಮಾಡಿ, ನಿಮಗೂ ಗೊತ್ತಾಗೋದಿಲ್ಲ.

ನಮ್ಮ ಅಡಿಕೆ ತೋಟದಲ್ಲಿ ಐದಡಿ ಆಳದ ಸಿಮೆಂಟ್ ತೊಟ್ಟಿ ಇದೆ. ಮುಕ್ಕಾಲು ಇಂಚಿನ ಕರೀ ಪೈಪು ಆರಡಿ ಕೊಯ್ದೆ. ನನ್ನ ಗೆಳೆಯ ಮೇಲಿನ ತುದಿ ಹಿಡಿದುಕೊಂಡು ತೊಟ್ಟಿಯ ಕಟ್ಟೆ ಮೇಲೆ ಕೂತ. ನಾನು ಮೂಗು ಹಿಡಿದುಕೊಂಡು, ತೊಡೆ ಮೇಲೆ ರುಬ್ಬುಗುಂಡು ಇಟ್ಟುಕೊಂಡು ತಳದಲ್ಲಿ ಕೂತೆ. ಕೂತು ಉಸಿರು ಎಳೆದೆ. ಬರಲಿಲ್ಲ. ಪೈಪು ಕಟ್ಟಿಕೊಂಡಿದೆಯೋ, ಇವನೇ ಮೇಲಿಂದ ಬೆರಳು ಇಟ್ಟಿದ್ದಾನೋ ಅಂತ ಸಿಟ್ಟು ಬಂತು. ಮತ್ತೆ ಎಳೆದೆ. ಎದೆ ಮೇಲೆ ಯಾರೋ ಕೂತ ಹಾಗೆ ಆಯ್ತು. ಎದೆ ಏಳಲೇ ಇಲ್ಲ. ಗಾಬರಿಯಲ್ಲಿ ಬಾಯಿಂದ ಪೈಪು ಜಾರಿತು, ನೀರು ಕುಡಿದೆ, ಮೂಗಿಗೂ ಹೋಯ್ತು. ಗುಂಡು ತೊಡೆ ಮೇಲಿದೆ ಅನ್ನೋದೇ ಮರೆತುಹೋಗಿ, ಯಾಕೆ ಏಳೋಕೆ ಆಗ್ತಿಲ್ಲ ಅಂತ ಒದ್ದಾಡಿದೆ. ಆಮೇಲೆ ಗೆಳೆಯ ಕೂದಲು ಹಿಡಿದು ಎಳೆದದ್ದು ಮಾತ್ರ ನೆನಪಿದೆ. ಅವನು ಅವತ್ತು ಪೈಪಿನ ತುದಿಗೆ ಬೆರಳು ಇಟ್ಟಿರಲಿಲ್ಲ. ನಾನು ಎದ್ದ ಮೇಲೆ ಅವನಿಗೇ ಬೈದೆ. ಅದಕ್ಕೂ ಇಲ್ಲೇ ಕ್ಷಮೆ ಕೇಳುತ್ತೇನೆ, ಯಾಕೆಂದರೆ ಮುಖ ನೋಡಿ ಕೇಳೋಕೆ ನಾಚಿಕೆ.

ಮರುದಿನ ಕ್ಲಾಸಿನಲ್ಲಿ ಕಣ್ಣು ಯಾಕೆ ಕೆಂಪಗಿದೆ ಅಂತ ಒಬ್ಬರು ಕೇಳಿದರು. ಐದು ನಿಮಿಷ ನೀರೊಳಗೆ ಇದ್ದೆ ಅಂದುಬಿಟ್ಟೆ.

ದಸರಾ ರಜೆಗೆ ಸೋದರಮಾವನ ಹತ್ತಿರ ಮುರುಡೇಶ್ವರಕ್ಕೆ ಹೋದೆ. ಮಾವ ಅಲ್ಲಿ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಾರೆ. ಚನ್ನಗಿರಿಯಿಂದ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಸಾಗರ, ಜೋಗ, ಹೊನ್ನಾವರದ ಮೇಲೆ ಹೋಗಬೇಕು. ಘಾಟಿಯಲ್ಲಿ ನನಗೆ ವಾಂತಿ ಬಂತು, ಅದನ್ನು ಬರೆಯುವುದಿಲ್ಲ. 20 ಅಂತಸ್ತಿನ ಗೋಪುರ, ಸಮುದ್ರಕ್ಕೆ ಬೆನ್ನು ಮಾಡಿ ಕೂತ 123 ಅಡಿಯ ಶಿವನ ಮೂರ್ತಿ, ಎಲ್ಲ ನೋಡಿದೆ. ಸಮುದ್ರದ ಮುಂದೆ ನಮ್ಮ ಸೂಳೆಕೆರೆ ಒಂದು ತಟ್ಟೆ ಇದ್ದ ಹಾಗೆ ಅನಿಸಿ ಸ್ವಲ್ಪ ಬೇಜಾರಾಯ್ತು. ಏಷ್ಯಾದಲ್ಲೇ ದೊಡ್ಡ ಕೆರೆಗಳಲ್ಲಿ ಒಂದು ಅಂತ ನಾವು ಇಷ್ಟು ದಿನ ಎಷ್ಟು ಜಂಬ ಪಟ್ಟಿದ್ದೇವೆ!

ಮುರುಡೇಶ್ವರದಿಂದ ಸಮುದ್ರದ ಒಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪ ಇದೆ. ಮಳೆಗಾಲ ಮುಗಿದ ಮೇಲೆ ದೋಣಿಯಲ್ಲಿ ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಸ್ನಾರ್ಕೆಲ್ ಹಾಕಿಸಿ ಹವಳ, ಬಣ್ಣದ ಮೀನು ತೋರಿಸುತ್ತಾರೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವವರೂ ಇದ್ದಾರೆ. ಮಾವನ ಗೆಳೆಯರೊಬ್ಬರು ಆ ದೋಣಿಯಲ್ಲಿ ಕೆಲಸ ಮಾಡುತ್ತಾರೆ, ಮೀನುಗಾರರ ಮನೆಯವರು. ನಾನು ಅವರನ್ನು ಅಣ್ಣ ಅಂತ ಕರೆಯುತ್ತಿದ್ದೆ. ನನ್ನನ್ನು ನೇತ್ರಾಣಿಗೆ ಕರೆದುಕೊಂಡು ಹೋಗಲಿಲ್ಲ. ಅದಕ್ಕೆ ತುಂಬಾ ದುಡ್ಡು, ಮತ್ತೆ ನನಗೆ ಈಜು ಬರುವುದಿಲ್ಲ.

ಆದರೆ ನನ್ನ ಹತ್ತಿರ 640 ರೂಪಾಯಿ ಇತ್ತು. ಅಡಿಕೆ ಸುಲಿದಿದ್ದಕ್ಕೆ ಅಜ್ಜಿ ಕೊಟ್ಟಿದ್ದು, ಗಣಪತಿ ಹಬ್ಬಕ್ಕೆ ದೊಡ್ಡಪ್ಪ ಕೊಟ್ಟಿದ್ದು ಎಲ್ಲ ಸೇರಿ. ಅಂಗಡಿಯಲ್ಲಿ ಸ್ನಾರ್ಕೆಲ್ ತೂಗುಹಾಕಿದ್ದು ನೋಡಿ, ಎಲ್ಲಕ್ಕಿಂತ ಉದ್ದ ಯಾವುದು ಅಂತ ಹುಡುಕಿದೆ. ಎಲ್ಲವೂ ಹೆಚ್ಚು ಕಡಿಮೆ ಒಂದೇ ಅಳತೆ. ನಮ್ಮ ಸ್ಕೇಲಿಗಿಂತ ಸ್ವಲ್ಪ ಉದ್ದ ಅಷ್ಟೆ. “ಅಣ್ಣಾ, ಇದಕ್ಕಿಂತ ಉದ್ದದ್ದು ಎಲ್ಲಿ ಸಿಗುತ್ತೆ?” ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, “ಎಂತಕ್ಕೆ ಮಾರಾಯಾ ಉದ್ದದ್ದು?” ಅಂದರು. ಅವರ ದನಿ ಕೇಳಿದ ಕೂಡಲೇ ತೊಟ್ಟಿಯ ಕತೆ ಬಾಯಿಗೆ ಬಂದುಬಿಟ್ಟಿತು. ಮಾವನ ಮುಂದೆಯೇ ಎಲ್ಲ ಹೇಳಿದೆ. ಮಾವ ಬೈಯಲಿಲ್ಲ. ಅಂಗಡಿಯ ಹೊರಗಿನ ಕಲ್ಲಿನ ಮೇಲೆ ಕೂತುಬಿಟ್ಟರು.

ಅಣ್ಣ ಹೇಳಿದ್ದು ಇಷ್ಟು. ಉದ್ದದ ಸ್ನಾರ್ಕೆಲ್ಲನ್ನು ಯಾರೂ ಮಾಡುವುದಿಲ್ಲ, ಮಾಡಬಾರದು. ಸ್ನಾರ್ಕೆಲ್ ಇರುವುದು ನೀರಿನ ಮೇಲೆ ತೇಲುವವರಿಗೆ, ತಳದಲ್ಲಿ ಕೂರುವವರಿಗಲ್ಲ. ಕೆಳಗೆ ಹೋದಷ್ಟೂ ನೀರು ಎದೆಯನ್ನು ಒತ್ತುತ್ತದೆ. ಮೇಲಿನ ಗಾಳಿಗೆ ಆ ಒತ್ತಡ ಇರುವುದಿಲ್ಲ, ಹಾಗಾಗಿ ಪೈಪಿನಿಂದ ಅದನ್ನು ಎಳೆದುಕೊಳ್ಳೋಕೆ ಎದೆಗೆ ಶಕ್ತಿ ಸಾಲುವುದಿಲ್ಲ. ಸಿಲಿಂಡರ್ ಕಟ್ಟಿಕೊಂಡವರಿಗೆ ಹಾಗಲ್ಲ. ಸುತ್ತ ಎಷ್ಟು ಒತ್ತಡ ಇರುತ್ತದೋ ಅಷ್ಟೇ ಒತ್ತಡದ ಗಾಳಿಯನ್ನು ಬಾಯಿಗೆ ಕೊಡುವ ಯಂತ್ರ ಅದರಲ್ಲಿದೆ. 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬ ಇಬ್ಬರು ಅಂಥದ್ದನ್ನು ಮಾಡಿದರಂತೆ.

ಊರಿಗೆ ಬಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಒತ್ತಡದ ಪಾಠ ಎಂಟನೇ ಕ್ಲಾಸಿಗೆ ಇದೆ, ಆದರೂ ಅವರು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ಒಂದು ಮೀಟರ್ ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 100 ಗ್ರಾಂ ನೀರಿನ ಭಾರ. ನನ್ನ ಎದೆ ಒಂದು ಸ್ಲೇಟಿನಷ್ಟು ಅಗಲ ಅಂತ ಇಟ್ಟುಕೊಂಡರೆ, 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ, ಒಟ್ಟು 600 ಚದರ ಸೆಂ.ಮೀ. ಅದರ ಮೇಲೆ 60 ಕೆ.ಜಿ. ಒಂದು ಸಿಮೆಂಟ್ ಚೀಲ 50 ಕೆ.ಜಿ. ಇರುತ್ತದೆ. ನಾನು 34 ಕೆ.ಜಿ. ಇದ್ದೇನೆ. ಎದೆ ಮೇಲೆ ಯಾರೋ ಕೂತ ಹಾಗೆ ಅನಿಸಿದ್ದು ಸುಳ್ಳಲ್ಲ.

ಇನ್ನೊಂದು ಸಂಗತಿ ಇದೆ, ಅದನ್ನು ನಾನೇ ಮನೆಯಲ್ಲಿ ಮಾಡಿ ನೋಡಿದೆ. ಆ ಆರಡಿ ಪೈಪಿನ ಒಂದು ತುದಿ ಮುಚ್ಚಿ ನೀರು ತುಂಬಿದೆ. ಅರ್ಧ ಲೀಟರ್ ಬಾಟಲಿ ಪೂರ್ತಿ ಹಿಡಿಯಿತು, ಮೇಲೆ ಒಂದು ಗುಟುಕು. ದೊಡ್ಡವರು ಸುಮ್ಮನೆ ಕೂತಾಗ ಒಂದು ಸಲಕ್ಕೆ ಎಳೆಯುವ ಉಸಿರು ಸುಮಾರು ಅರ್ಧ ಲೀಟರ್, ನಮ್ಮಂಥವರದ್ದು ಇನ್ನೂ ಕಡಿಮೆ ಎಂದು ಮೇಷ್ಟ್ರು ಹೇಳಿದ್ದರು. ಅಂದರೆ ನಾವು ಬಿಟ್ಟ ಕೆಟ್ಟ ಗಾಳಿ ಪೈಪಿನಲ್ಲೇ ಉಳಿಯುತ್ತದೆ, ಮತ್ತೆ ಎಳೆದರೆ ಅದೇ ವಾಪಸ್ ಬರುತ್ತದೆ. ಹೊಸ ಗಾಳಿ ಬಾಯಿತನಕ ಬರುವುದೇ ಇಲ್ಲ. ಆದ್ದರಿಂದ ಆರನೇ ಕ್ಲಾಸಿನವರೇ, “ನಾವು ತಳಕ್ಕೆ ಹೋಗಲ್ಲ, ಮೇಲೇ ಇರ್ತೀವಿ” ಅಂದರೂ ಉದ್ದ ಪೈಪು ಕೆಲಸಕ್ಕೆ ಬರುವುದಿಲ್ಲ. ನನ್ನ ತ್ರೈರಾಶಿ ತಪ್ಪಿದ್ದು ಇಲ್ಲಿ. ಪರಂಗಿ ದಂಟು ಗಿಡ್ಡ ಇತ್ತು ಅಂತಲೇ ಉಸಿರು ಬಂದಿತ್ತು.

“ಹಾಗಾದರೆ ಆನೆ ಸರ್?” ಅಂತ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ನಾವು ಸಕ್ರೆಬೈಲಿಗೆ ಪ್ರವಾಸ ಹೋದಾಗ ಆನೆಗಳು ನೀರಿನಲ್ಲಿ ಮಲಗಿ ಸೊಂಡಿಲು ಮೇಲೆ ಎತ್ತಿದ್ದನ್ನು ನೋಡಿದ್ದೆವು. ಒಳ್ಳೆಯ ಪ್ರಶ್ನೆ ಎಂದು ಮೇಷ್ಟ್ರು ಹೇಳಿದರು. ಆನೆಯ ಶ್ವಾಸಕೋಶ ನಮ್ಮ ಹಾಗೆ ಬಿಡಿಯಾಗಿಲ್ಲ, ಎದೆಗೂಡಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಅದಕ್ಕೇ ಅದು ತಡೆದುಕೊಳ್ಳುತ್ತದಂತೆ. ನಾನು ಕೇಳಬೇಕಾದ ಪ್ರಶ್ನೆ ಅವಳು ಕೇಳಿಬಿಟ್ಟಳು.

ಮತ್ತೆ ಅಂಗಡಿಗೆ ಬರುತ್ತೇನೆ. ಅಲ್ಲಿ ನಾಲ್ಕು ತರಹ ಇದ್ದವು. ಒಂದು ಇಡೀ ಮುಖ ಮುಚ್ಚುವ ದೊಡ್ಡ ಗಾಜಿನಂಥದ್ದು, ಸಿನಿಮಾದಲ್ಲಿ ಚಂದ್ರನ ಮೇಲೆ ಹೋಗುವವರ ಟೋಪಿ ತರಹ. ನನಗೆ ಅದರ ಮೇಲೇ ಕಣ್ಣು. ಅಣ್ಣ ಬೇಡ ಅಂದರು. ಅದರೊಳಗೆ ನಾವು ಬಿಟ್ಟ ಗಾಳಿಯೇ ಸುತ್ತಿಕೊಂಡು ನಿಲ್ಲಬಹುದು, ಗಾಬರಿಯಾದಾಗ ಬಾಯಿಂದ ಉಗುಳಿದ ಹಾಗೆ ಬೇಗ ತೆಗೆಯೋಕೂ ಆಗಲ್ಲ. ಹೇಗೂ ಅದರ ಬೆಲೆ ನನ್ನ ದುಡ್ಡಿನ ಮೂರರಷ್ಟು ಇತ್ತು. ಎರಡನೆಯದು ತುದಿಯಲ್ಲಿ ಮುಚ್ಚಳ ಇದ್ದದ್ದು. ಅಲೆ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಅದು ಒಳ್ಳೆಯದೇ, ಆದರೆ ಮರಳು ಸಿಕ್ಕಿ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿದರೆ ಹೊಸಬರು ಹೆದರುತ್ತಾರೆ, ಮೊದಲು ಸಾದಾ ಕೊಳವೆಯಲ್ಲಿ ನೀರು ಊದಿ ಹೊರಗೆ ಹಾಕೋದು ಕಲಿ ಅಂದರು.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಕಚ್ಚುವ ಭಾಗ ಗಟ್ಟಿ ಪ್ಲಾಸ್ಟಿಕ್, ಉಗುರಿನಿಂದ ಒತ್ತಿದರೆ ಬಗ್ಗಲಿಲ್ಲ. ನಾಲ್ಕನೆಯದರ ಕಚ್ಚುವ ಭಾಗ ಸಿಲಿಕಾನಿನದ್ದು, ಹಿಟ್ಟಿನ ಹಾಗೆ ಒತ್ತಿಕೊಂಡು ಮತ್ತೆ ಮೊದಲಿನಂತೆ ಆಗುತ್ತಿತ್ತು. ಕೆಳಗಿನ ತಿರುವಿನಲ್ಲಿ ಒಂದು ಸಣ್ಣ ರಬ್ಬರಿನ ಬಾಗಿಲು ಇತ್ತು. ಊದಿದರೆ ನೀರು ಆ ಬಾಗಿಲಿನಿಂದ ಹೊರಗೆ ಹೋಗುತ್ತದೆ, ಹೊರಗಿನ ನೀರು ಒಳಗೆ ಬರುವುದಿಲ್ಲ. ಬಾಯಿಗೆ ಹಾಕಿ ನೋಡೋಣ ಅಂದರೆ ಅಂಗಡಿಯವರು, “ಬಾಯಿಗೆ ಹಾಕಿದ್ರೆ ತಗೊಳ್ಳಲೇಬೇಕು” ಅಂದರು. ಅವರು ಹೇಳಿದ್ದೂ ನ್ಯಾಯವೇ. ಅದಕ್ಕೆ ಅಣ್ಣ ತಮ್ಮ ರೂಮಿನಲ್ಲಿದ್ದ ಹಳೆಯ ಸ್ನಾರ್ಕೆಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು ಒಂದೊಂದನ್ನೂ ಹತ್ತತ್ತು ನಿಮಿಷ ಕಚ್ಚಿಕೊಂಡಿರು ಎಂದು ಕೊಟ್ಟರು. ಗಟ್ಟಿಯದನ್ನು ಕಚ್ಚಿದಾಗ ದವಡೆ ನೋಯಿತು, ಒಸಡು ಕೆಂಪಾಯಿತು. ದೊಡ್ಡವರದ್ದು ಹಾಕಿದಾಗ ತುಟಿ ಮುಚ್ಚಲೇ ಇಲ್ಲ, ಬದಿಯಿಂದ ಜೊಲ್ಲು ಸುರಿಯಿತು. ಜೊಲ್ಲು ಹೊರಗೆ ಬಂದ ಜಾಗದಿಂದ ನೀರು ಒಳಗೆ ಬರುತ್ತದೆ ಅಂತ ಅಣ್ಣ ನಕ್ಕರು. ಹಾಗಾಗಿ ಹುಡುಗರ ಅಳತೆಯ, ಮೆತ್ತನೆ ಬಾಯಿಯ, ನಾಲ್ಕನೇ ತರಹದ್ದನ್ನು 550 ರೂಪಾಯಿಗೆ ತಗೊಂಡೆ. ಬಣ್ಣ ಮಾತ್ರ ಗುಲಾಬಿ. ನೀಲಿ ಇದ್ದದ್ದು ದೊಡ್ಡವರ ಅಳತೆಯದ್ದು. ಇದಕ್ಕೆ ಯಾರೂ ನಗಬಾರದು.

ಕಣ್ಣಿಗೆ ಹಾಕುವ ಮಾಸ್ಕ್ ಒಂದನ್ನು ಅಣ್ಣ ತಮ್ಮ ಹಳೆಯದು ಕೊಟ್ಟರು. ಅದು ಮೂಗನ್ನೂ ಮುಚ್ಚಬೇಕು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರು ಎಳೆದುಕೊಂಡು ಕೈ ಬಿಟ್ಟರೆ, ಬೀಳದೆ ಅಂಟಿಕೊಂಡಿರಬೇಕು. ಬಿದ್ದರೆ ಆ ಮುಖಕ್ಕೆ ಅದು ಸರಿಯಿಲ್ಲ ಅಂತ. ನನ್ನ ಮುಖಕ್ಕೆ ಮೂರನೆಯದು ನಿಂತಿತು.

ಅವತ್ತು ಸಂಜೆ ಸಮುದ್ರಕ್ಕೆ ಇಳಿಯೋಣ ಅಂತ ಹಟ ಮಾಡಿದೆ. ಮಾವ ಆಗ ಗದರಿದರು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಅದೇ ದಂಡೆಯಲ್ಲಿ ನೀರು ಪಾಲಾದರು. ಅದನ್ನು ಹೇಳುವಾಗ ಮಾವ ಸಮುದ್ರದ ಕಡೆ ನೋಡಲಿಲ್ಲ. “ಅಳಿಯಾ, ನೀನು ಮೊದಲು ಬಕೆಟ್ಟಲ್ಲಿ ಈಜು” ಅಂದರು. ನಿಜವಾಗಿಯೂ ಹೋಟೆಲಿನ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಮಂಡಿಯೂರಿ, ಮುಖ ಮುಳುಗಿಸಿ ಅಭ್ಯಾಸ ಮಾಡಿದೆ. ಸುಲಭ ಅಂದುಕೊಳ್ಳಬೇಡಿ. ಮುಖ ನೀರಿಗೆ ಹೋದ ಕೂಡಲೇ ಉಸಿರು ತಾನಾಗಿ ನಿಂತುಬಿಡುತ್ತದೆ. ಗಾಳಿ ಬರುತ್ತದೆ ಅಂತ ಗೊತ್ತಿದ್ದರೂ ಎದೆ ನಂಬುವುದಿಲ್ಲ. ನನಗಂತೂ ತೊಟ್ಟಿ ನೆನಪಾಗಿ ಕೈ ನಡುಗಿತು. ಎರಡನೇ ದಿನ ಇಪ್ಪತ್ತು ಎಣಿಸುವತನಕ ಉಸಿರಾಡಿದೆ, ನಾಲ್ಕನೇ ದಿನ ಇನ್ನೂರು. ಅಣ್ಣ ಬೇಕೆಂದೇ ಮೇಲಿನಿಂದ ಒಂದು ಲೋಟ ನೀರು ಹುಯ್ಯುತ್ತಿದ್ದರು. ‘ಫೂ’ ಅಂತ ಜೋರಾಗಿ ಊದಿದರೆ ನೀರು ಹೊರಗೆ. ಊದುವುದಕ್ಕೆ ಎದೆಯಲ್ಲಿ ಯಾವಾಗಲೂ ಸ್ವಲ್ಪ ಗಾಳಿ ಉಳಿಸಿಕೊಂಡಿರಬೇಕು.

ಮನೆಗೆ ಬಂದ ಮೇಲೆ ಅವ್ವನಿಗೆ ಎಲ್ಲ ಗೊತ್ತಾಯ್ತು, ಮಾವ ಫೋನ್ ಮಾಡಿ ಹೇಳಿದ್ದರು. ಅವ್ವನ ತವರು ಹೊನ್ನಾಳಿ ಕಡೆ, ತುಂಗಭದ್ರೆಯ ದಂಡೆ. ಅವಳು ನಮ್ಮಷ್ಟಿದ್ದಾಗ ಬಟ್ಟೆ ಒಗೆಯಲು ಹೋಗಿದ್ದ ಅವಳ ಗೆಳತಿ ಹೊಳೆಯಲ್ಲಿ ಹೋದಳು. ಅದಕ್ಕೇ ಅವ್ವ ನಮ್ಮನ್ನು ಚಾನಲ್ ಹತ್ತಿರ ದನ ಹೊಡೆದುಕೊಂಡು ಹೋಗಲೂ ಬಿಡುವುದಿಲ್ಲ. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಸ್ನಾರ್ಕೆಲ್ಲನ್ನು ದೇವರ ಮನೆಯ ಪಕ್ಕದ ಗೂಟಕ್ಕೆ ತೂಗುಹಾಕಿ, “ನಿಮ್ಮಜ್ಜ ಸಾಕು ಅನ್ನೋತನಕ ಇದು ಇಳಿಯೋದಿಲ್ಲ” ಅಂದಳು.

ಅಜ್ಜ ಅಂದರೆ ಅವ್ವನ ಅಪ್ಪ. ಅಜ್ಜ ಈಜು ಕಲಿತದ್ದು ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು. 2013ರಲ್ಲಿ ಯಾದಗಿರಿ ಜಿಲ್ಲೆಯಲ್ಲಿ ತುಂಬು ಗರ್ಭಿಣಿಯೊಬ್ಬರು ಇಂಥ ಬುರುಡೆ ಕಟ್ಟಿಕೊಂಡೇ ಪ್ರವಾಹದ ಕೃಷ್ಣಾ ನದಿ ದಾಟಿದ್ದರು, ಪೇಪರಿನಲ್ಲಿ ಬಂದಿತ್ತು ಎಂದು ಮೇಷ್ಟ್ರು ಹೇಳಿದ್ದರು. ಡಿಸೆಂಬರಿನಲ್ಲಿ ಎರಡು ಭಾನುವಾರ ಅಜ್ಜ ನನ್ನನ್ನು ಹೊಳೆಗೆ ಕರೆದುಕೊಂಡು ಹೋದರು, ಸೊಂಟಕ್ಕೆ ಹಗ್ಗ, ಬೆನ್ನಿಗೆ ಬುರುಡೆ. ಅವ್ವ ದಂಡೆಯ ಮೇಲೆ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದಳು. ಹಗ್ಗ ಅಜ್ಜನ ಕೈಯಲ್ಲೂ ಇತ್ತು, ಆದರೂ ಅವಳು ಬಿಡಲಿಲ್ಲ. ನಾನು ಈಗ ಬುರುಡೆ ಇದ್ದರೆ ಹದಿನೈದು ಮಾರು ಈಜುತ್ತೇನೆ. ಬುರುಡೆ ಇಲ್ಲದೆ ಎರಡು ಮಾರು. ನಡುನಡುವೆ ಹೊಟ್ಟೆ ತುಂಬಾ ಹೊಳೆ ನೀರು.

ಜಗಳೂರಿನ ಅತ್ತೆಗೆ ಫೋನಿನಲ್ಲಿ ಹೇಳಿದರೆ, “ನಮ್ಮೂರಿಗೆ ಬಾರೋ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಬಿಂದಿಗೆಯೊಳಗೆ ಮುಖ ಹಾಕಿ ಮೀನು ಹುಡುಕುವಂತೆ” ಅಂತ ನಕ್ಕರು.

ಸ್ನಾರ್ಕೆಲ್ ಇನ್ನೂ ಗೂಟದಲ್ಲೇ ಇದೆ. ಅದರಲ್ಲಿ ನಾನು ಇದುವರೆಗೆ ನೋಡಿದ್ದು ಹೋಟೆಲಿನ ಟಬ್ಬಿನ ತಳ ಒಂದೇ. ಅಲ್ಲಿ ಒಂದು ಚಮಚ ಬಿದ್ದಿತ್ತು, ತುಂಬಾ ದೊಡ್ಡದಾಗಿ ಕಾಣಿಸಿತು.

ಆರನೇ ಕ್ಲಾಸಿನ ಆ ಮೂರು ಜನ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪೈಪು ತಗೊಂಡು ನಮ್ಮ ಮನೆಗೆ ಬರಬೇಕು. ಅರ್ಧ ಲೀಟರ್ ಬಾಟಲಿ ನಾನು ಇಟ್ಟಿರುತ್ತೇನೆ, ನೀವೇ ತುಂಬಿ ಅಳೆದು ನೋಡಿರಿ. ಅಳೆದಾದ ಮೇಲೆ ಪೈಪು ಅಜ್ಜಿಗೆ ಕೊಟ್ಟು ಹೋಗಬೇಕು, ಸೋರೆ ಬಳ್ಳಿಗೆ ನೀರು ಹಾಯಿಸೋಕೆ ಬೇಕಂತೆ. ನಾವು ಈ ಸಲ ನಾಲ್ಕು ಸೋರೆಕಾಯಿ ಬುರುಡೆಗೆ ಅಂತಲೇ ಬಿಟ್ಟಿದ್ದೇವೆ. ಸ್ನಾರ್ಕೆಲ್ ನೋಡಬೇಕೆನ್ನುವ ಬೇರೆಯವರೂ ಬರಬಹುದು. ಮುಟ್ಟಿ ನೋಡಿರಿ, ಬಾಯಿಗೆ ಹಾಕಲು ಮಾತ್ರ ಕೊಡುವುದಿಲ್ಲ, ಎಂಜಲು. ಬರವಣಿಗೆಯಲ್ಲಿ ಒತ್ತಕ್ಷರ ತಪ್ಪಿದ್ದರೆ ಗುರುಗಳು ಕ್ಷಮಿಸಬೇಕು.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿ